ಕೆಂಪು ಒಂದು ಸಾಲು ಮೇಲೆ ನಿಂತ ದಿನ

ಕೋವಿಡ್ ಕಳೆದು ಆಸ್ಪತ್ರೆಗಳು ಮತ್ತೆ ಮಾಮೂಲಿ ಗದ್ದಲಕ್ಕೆ ಮರಳಿದ್ದ ವರ್ಷ. ಚೆನ್ನೈನ ಅಣ್ಣಾ ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಎಂಐಎಸ್ ಆಫೀಸರ್ ಆಗಿದ್ದೆ. ಹೆಸರು ದೊಡ್ಡದಾದರೂ ಕೆಲಸ ಸರಳ: ಬೇರೆ ಬೇರೆ ವಿಭಾಗಗಳಿಂದ ಬರುವ ಮಾಹಿತಿಯನ್ನು ಸ್ಪ್ರೆಡ್‌ಶೀಟುಗಳಲ್ಲಿ ಜೋಡಿಸಿ ಬೇಕಾದವರಿಗೆ ತಲುಪಿಸುವುದು. ಡಯಾಲಿಸಿಸ್ ವಿಭಾಗದ ವಾರದ ಶೆಡ್ಯೂಲ್ ಕೂಡ ನನ್ನ ಕಂಪ್ಯೂಟರಿನಿಂದಲೇ ಹೋಗುತ್ತಿತ್ತು.

ಮೂತ್ರಪಿಂಡ ಕೈಕೊಟ್ಟವರು ವಾರಕ್ಕೆ ಎರಡು ಮೂರು ಸಲ ಬಂದು ಗಂಟೆಗಟ್ಟಲೆ ಮೆಷಿನ್ ಪಕ್ಕ ಇರಬೇಕಾಗುತ್ತದೆ. ರಕ್ತ ಹೊರಗೆ ಬಂದು, ಶುದ್ಧವಾಗಿ, ಮತ್ತೆ ಒಳಗೆ ಹೋಗುತ್ತದೆ. ರಕ್ತದಿಂದ ಹರಡುವ ಹೆಪಟೈಟಿಸ್ ಬಿ ಸೋಂಕು ಇರುವವರಿಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಮೆಷಿನ್. ಶೆಡ್ಯೂಲಿನಲ್ಲಿ ಅಂಥವರ ಸಾಲಿಗೆ ಕೆಂಪು ಬಣ್ಣ ತುಂಬುತ್ತಿದ್ದರು. ಗೋಡೆಗೆ ಅಂಟಿಸುವ ಕಾಗದದಲ್ಲಿ ರೋಗದ ಹೆಸರು ಬರೆಯುವುದು ಸರಿಯಲ್ಲವಲ್ಲ. ಹಾಗಾಗಿ ಬಣ್ಣದ ಅರ್ಥ ಸಿಬ್ಬಂದಿಗೆ ಮಾತ್ರ ಗೊತ್ತಿತ್ತು.

ಪ್ರತಿ ವಾರ ಹೊಸ ವರ್ಕ್‌ಶೀಟ್. ರೋಗಿಗಳ ಹೆಸರುಗಳು ಆಸ್ಪತ್ರೆಯ ಸಾಫ್ಟ್‌ವೇರಿನಿಂದ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಬಂದು ಬೀಳುತ್ತಿದ್ದವು, ಬಣ್ಣವಿಲ್ಲದೆ, ಗೆರೆಯಿಲ್ಲದೆ. ಹಳೆಯ ಶೀಟಿನ ಫಾರ್ಮ್ಯಾಟಿಂಗನ್ನು ಹೊಸದಕ್ಕೆ ಹಾಕಲು ಒಂದು ಮ್ಯಾಕ್ರೋ ಇತ್ತು. ಮ್ಯಾಕ್ರೋ ಎಂದರೆ ನಾವು ಕೈಯಲ್ಲಿ ಮಾಡುವ ಹಲವು ಹೆಜ್ಜೆಗಳನ್ನು ಒಂದೇ ಗುಂಡಿಗೆ ಕಟ್ಟಿಹಾಕುವ ಸಣ್ಣ ಪ್ರೋಗ್ರಾಂ. ಹಳೆಯ ಶೀಟನ್ನು ಕಾಪಿ ಮಾಡಿ, ಹೊಸದರಲ್ಲಿ ಪೇಸ್ಟ್ ಸ್ಪೆಷಲ್‌ಗೆ ಹೋಗಿ, ಫಾರ್ಮ್ಯಾಟ್ಸ್ ಎಂಬುದನ್ನು ಮಾತ್ರ ಆರಿಸುವುದು ಅದರ ಕೆಲಸ. ಒಳಗಿನ ಅಕ್ಷರಗಳು ಹಾಗೇ ಇರುತ್ತವೆ, ಮೇಲಿನ ಬಣ್ಣ, ಗೆರೆ, ದಪ್ಪ ಅಕ್ಷರದ ರೂಪ ಬರುತ್ತದೆ. ನನಗಿಂತ ಮೊದಲು ಇದ್ದವರು ಬರೆದದ್ದು. ವರ್ಷಗಟ್ಟಲೆ ಯಾವ ತಕರಾರೂ ಇಲ್ಲದೆ ನಡೆದಿತ್ತು.

ಅದಕ್ಕೆ ಒಂದು ಕಾರಣವಿತ್ತು. ಡಯಾಲಿಸಿಸ್ ಇನ್‌ಚಾರ್ಜ್ ಸಿಸ್ಟರ್ ಸೆಲ್ವಿ ಪ್ರತಿಯೊಬ್ಬ ರೋಗಿಯನ್ನೂ ಹೆಸರು ಹಿಡಿದು ಬಲ್ಲವರು. ಪ್ರಿಂಟ್ ಕೈಗೆ ಸಿಕ್ಕಿದೊಡನೆ ಕಣ್ಣಾಡಿಸಿ, ಹೆಚ್ಚುಕಮ್ಮಿ ಇದ್ದರೆ ಪೆನ್ನಿನಲ್ಲೇ ತಿದ್ದುತ್ತಿದ್ದರು. ಆ ಸೋಮವಾರ ಅವರು ಮಗಳ ಮದುವೆಗೆಂದು ತಿರುನೆಲ್ವೇಲಿಗೆ ಹೋಗಿದ್ದರು. ಅವರ ಜಾಗಕ್ಕೆ ಇನ್ನೊಂದು ಶಾಖೆಯಿಂದ ಜೆನಿಫರ್ ಎಂಬ ಸಿಸ್ಟರ್ ಬಂದಿದ್ದರು.

ಬೆಳಿಗ್ಗೆ ನನ್ನ ಇಂಟರ್‌ಕಾಮ್ ಬಡಿದುಕೊಂಡಿತು.

"ಮೇಡಂ, ನೀಂಗ ಕನ್ನಡಂ ದಾನೇ? ಕೊಂಚಂ ಕೀಳೆ ವಾಂಗ," ನೀವು ಕನ್ನಡದವರಲ್ಲವೇ, ಸ್ವಲ್ಪ ಕೆಳಗೆ ಬನ್ನಿ ಎಂದು ತಮಿಳಿನಲ್ಲಿ ಕರೆದರು ಜೆನಿಫರ್. ಒಬ್ಬ ರೋಗಿ ಹೇಳಿದ ಕೋಣೆಗೆ ಹೋಗಲು ಒಪ್ಪುತ್ತಿಲ್ಲ, ಗಂಡ ಹೆಂಡತಿ ಕನ್ನಡದಲ್ಲಿ ಮಾತಾಡಿಕೊಂಡು ಅಳುತ್ತಿದ್ದಾರೆ, ಸ್ವಲ್ಪ ಬಂದು ಸಮಾಧಾನ ಹೇಳಿ ಎಂಬುದು ಅವರ ಕೋರಿಕೆ.

ಕೆಳಗೆ ಹೋದೆ. ರಾಘವೇಂದ್ರ ರಾಯರು, ರೈಲ್ವೆಯಿಂದ ನಿವೃತ್ತರಾದವರು, ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ವನಜಾಬಾಯಿ, ಸೆರಗು ಬಾಯಿಗೆ ಒತ್ತಿಕೊಂಡು.

"ನೋಡಮ್ಮಾ, ಹೋದ ವಾರ ಕಿಟಕಿ ಹತ್ರದ ಮೆಷಿನ್ನು. ಇವತ್ತು ತನಿ ರೂಮಿಗೆ, ಆ ಅಂಟುರೋಗದವರ ಬೇರೆ ಕೋಣೆಗೆ ಹೋಗು ಅಂತಾರೆ. ಏನಕ್ಕಪ್ಪಾ ಅಂತ ಕೇಳಿದ್ರೆ ಶೀಟಲ್ಲಿ ರೆಡ್ ಇದೆ ಅಂತಾರೆ. ನಂಗೆ ಯಾರೂ ಒಂದು ಮಾತು ಹೇಳ್ಲಿಲ್ಲವಲ್ಲ!"

"ಮನೇಲಿ ಮೊಮ್ಮಗು ಇದೆ," ಎಂದರು ವನಜಾಬಾಯಿ. "ಮೂರು ಹೊತ್ತೂ ಇವರ ತೊಡೆ ಮೇಲೇ ಇರುತ್ತೆ."

ಗೋಡೆಯ ಶೀಟ್ ನೋಡಿದೆ. ಇಡೀ ಶೀಟಿನಲ್ಲಿ ರಾಯರ ಸಾಲೊಂದೇ ಕೆಂಪಗಿತ್ತು. ಫೈಲ್ ತರಿಸಿ ನೋಡಿದರೆ ಈಚಿನ ವರದಿಯಲ್ಲಿ ನೆಗೆಟಿವ್ ಎಂದೇ ಇದೆ. ಮತ್ತೆ ಶೀಟಿನತ್ತ ತಿರುಗಿ ಮೇಲಿನಿಂದ ಹೆಸರು ಓದುತ್ತ ಬಂದೆ. ಎಲ್ಲಕ್ಕಿಂತ ಮೇಲೆ ಆಂಥೊನಿ ಎಂಬ ಹೊಸ ಹೆಸರು. ಆ ವಾರ ಸೇರಿದವರು. ಅವರು ಬಂದದ್ದರಿಂದ ಮಿಕ್ಕ ಎಲ್ಲರೂ ಒಂದೊಂದು ಸಾಲು ಕೆಳಗೆ ಇಳಿದಿದ್ದರು. ಬಣ್ಣ ಮಾತ್ರ ಹೋದ ವಾರ ಇದ್ದಲ್ಲೇ ನಿಂತಿತ್ತು. ಮ್ಯಾಕ್ರೋಗೆ ಗೊತ್ತಿದ್ದದ್ದು ಸಾಲು, ಆ ಸಾಲಿನಲ್ಲಿರುವ ಮನುಷ್ಯ ಅಲ್ಲ.

ಹಾಗಾದರೆ ಹೋದ ವಾರ ಆ ಸಾಲಿನಲ್ಲಿ ಇದ್ದವರು ಯಾರು? ರಾಯರ ಕೆಳಗಿನ ಹೆಸರು ರಾಜೇಶ್ವರಿ. ಬಣ್ಣವಿಲ್ಲ. ಬಣ್ಣ ನೋಡಿ ಜೆನಿಫರ್ ಪೆನ್ನಿನಲ್ಲಿ ಬರೆದ ಮೆಷಿನ್: ಕಿಟಕಿ ಪಕ್ಕದ್ದು.

"ಸಿಸ್ಟರ್, ರಾಜೇಶ್ವರಿಯವರಿಗೆ ಶುರು ಮಾಡಿದ್ರಾ?" ಎಂದು ಕೂಗಿಕೊಂಡೇ ಒಳಗೆ ಓಡಿದೆ. ಜೆನಿಫರ್ ನನಗಿಂತ ಮೊದಲೇ ಅಲ್ಲಿದ್ದರು. ಕಿಟಕಿ ಪಕ್ಕದ ಕುರ್ಚಿಯಲ್ಲಿ ನಡುವಯಸ್ಸಿನ ಹೆಂಗಸು ತೋಳು ಚಾಚಿ ಕೂತಿದ್ದರು. ಟೆಕ್ನಿಷಿಯನ್ ಕೈಯಲ್ಲಿ ಸೂಜಿ. "ನಿಲ್ಲಿಸಿ" ಎಂಬ ಜೆನಿಫರ್ ಮಾತಿಗೆ ಆತ ಕೈ ಹಿಂದಕ್ಕೆ ತೆಗೆದುಕೊಂಡ. ಫೈಲ್ ಬಂತು. ಪಾಸಿಟಿವ್. ಅದೇ ಮೆಷಿನ್ನಿಗೆ ಮಧ್ಯಾಹ್ನ ಬೇರೆ ರೋಗಿ ಬರಬೇಕಿತ್ತು, ಸಂಜೆ ಮತ್ತೊಬ್ಬರು.

ನಾನು ಗೋಡೆಗೆ ಒರಗಿ ನಿಂತೆ. ಅಷ್ಟು ವರ್ಷ ನನ್ನ ಕೆಲಸ ಕಂಪ್ಯೂಟರಿನ ಪರದೆಯಲ್ಲೇ ಮುಗಿಯುತ್ತದೆ ಎಂಬ ಭಾವನೆ ನನ್ನಲ್ಲಿತ್ತು.

ರಾಯರಿಗೆ ವಿಷಯ ಹೇಳಿದೆ. ಅವರು ದೊಡ್ಡ ಉಸಿರು ಬಿಟ್ಟು, "ಸರಿ ಬಿಡಮ್ಮಾ, ತಪ್ಪು ತಿಳೀತಲ್ಲ," ಎಂದು ಎದ್ದರು. ವನಜಾಬಾಯಿ ಏಳಲಿಲ್ಲ. ರಾಯರು ಒಳಗೆ ಹೋದ ಮೇಲೆ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು:

"ಇಲ್ಲಿ ಕೂತಿದ್ದಷ್ಟು ಹೊತ್ತೂ ನಾನು ಏನು ಮಾಡ್ತಿದ್ದೆ ಗೊತ್ತಾಮ್ಮಾ? ಇವರ ತಟ್ಟೆ, ಲೋಟ, ಹಾಸಿಗೆ ಎಲ್ಲಾ ಮನಸ್ಸಲ್ಲೇ ಬೇರೆ ಇಟ್ಬಿಟ್ಟಿದ್ದೆ. ನಲವತ್ತು ವರ್ಷ ಸಂಸಾರ ಮಾಡಿದೀನಿ."

ಒಂದೇ ತಟ್ಟೆಯಲ್ಲಿ ಉಂಡರೆ, ಮಗುವನ್ನು ಎತ್ತಿಕೊಂಡರೆ ಹೆಪಟೈಟಿಸ್ ಬಿ ಅಂಟುವುದಿಲ್ಲ, ಮಕ್ಕಳಿಗೆ ಲಸಿಕೆಯೂ ಇದೆ ಎಂದು ಡಾಕ್ಟರಿಂದ ಕೇಳಿದ್ದನ್ನು ಹೇಳಿದೆ. ತಲೆಯಾಡಿಸಿದರು. ಕಣ್ಣು ಮಾತ್ರ ಬಾಗಿಲ ಕಡೆಗೇ ಇತ್ತು.

ಅಂದೇ ಆ ಮ್ಯಾಕ್ರೋ ಬದಲಾಯಿಸಲು ಕೂತೆ. ಪ್ರತಿ ರೋಗಿಯ ಆಸ್ಪತ್ರೆ ನಂಬರಿನ ಪಕ್ಕ ಒಂದು ಗುರುತಿನ ಅಕ್ಷರ ಇಟ್ಟು, ಆ ಅಕ್ಷರ ನೋಡಿಯೇ ಬಣ್ಣ ಬರುವಂತೆ ಮಾಡಿದೆ. ಹೆಸರು ಎಷ್ಟು ಸಾಲು ಸರಿದರೂ ಬಣ್ಣ ಜೊತೆಗೇ ಸರಿಯುತ್ತದೆ. ಹಳೆಯ ಶೀಟಿನಿಂದ ನಕಲಾಗುವುದು ಗೆರೆ ಮತ್ತು ಕಾಲಮ್ಮಿನ ಅಗಲ ಮಾತ್ರ. ಸೂಜಿ ಚುಚ್ಚುವ ಮುನ್ನ ಫೈಲಿನ ವರದಿ ನೋಡಲೇಬೇಕು ಎಂಬ ನಿಯಮವನ್ನು ವಿಭಾಗದ ಡಾಕ್ಟರು ಬಿಗಿಗೊಳಿಸಿದರು. ರಜೆಯಿಂದ ಬಂದ ಸೆಲ್ವಿ ಎಲ್ಲ ಕೇಳಿ, "ಹಾಗಾದ್ರೆ ಇಷ್ಟು ದಿನ ನಾನೇ ಮ್ಯಾಕ್ರೋನಾ?" ಎಂದು ನಕ್ಕರು. ಮಾತು ತಮಾಷೆಯದ್ದಾದರೂ ನಿಜವೇ.

ಈ ಕೆಲಸ ನನಗೆ ಕಲಿಸಿದ್ದೇನು ಎಂದು ಯಾರಾದರೂ ಕೇಳಿದರೆ, ಗುಂಡಿ ಒತ್ತುವ ಮುನ್ನ ಪ್ರತಿ ಸಾಲಿನ ಹೆಸರು ಓದಿ ಎನ್ನುತ್ತೇನೆ. ಅದು ತಾಂತ್ರಿಕ ಎಚ್ಚರಿಕೆ. ಆದರೆ ನಾನು ಆ ದಿನವನ್ನು ಮರೆಯದಿರುವುದು ಅದಕ್ಕಾಗಿ ಅಲ್ಲ.

ರಾಜೇಶ್ವರಿಯವರನ್ನು ಪ್ರತ್ಯೇಕ ಕೋಣೆಗೆ ಕರೆದೊಯ್ಯುವಾಗ ನಾನೂ ಜೊತೆಗೆ ಹೋಗಿ ಕ್ಷಮೆ ಕೇಳಿದೆ. ಎಲ್ಲೋ ತಪ್ಪಾಗಿದೆ ಎಂದು ನೀವಾದರೂ ಹೇಳಬಹುದಿತ್ತಲ್ಲ ಎಂದೂ ಮೆಲ್ಲಗೆ ಕೇಳಿಬಿಟ್ಟೆ. ಅವರು ತಮಿಳಿನಲ್ಲಿ, ಯಾವ ಸಿಟ್ಟೂ ಇಲ್ಲದೆ ಹೇಳಿದರು:

"ತಪ್ಪು ಅಂತ ನನಗೆ ಅನ್ನಿಸಲೇ ಇಲ್ಲ ಮೇಡಂ. ಇವತ್ತು ಎಲ್ಲರ ಜೊತೆ ಕೂರಿಸಿದರಲ್ಲ, ನನಗೆ ವಾಸಿಯಾಯಿತು ಅಂದುಕೊಂಡೆ."