ದುಬೈಯಿಂದ ಎರಡೂವರೆ ತಾಸು

ಕಾಕಾನ ಬಾಯಲ್ಲಿ ವಿಮಾನದ ಮಾತು ಬಂದರೆ ನನಗೆ ಇವತ್ತಿಗೂ ವಾಕರಿಕೆ ಬರುತ್ತದೆ. ಅಪ್ಪನ ತಮ್ಮ ಆತ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ. ಒಮ್ಮೆ ವ್ಯಾಪಾರಿಗಳ ಗುಂಪಿನ ಜೊತೆ ದುಬೈ ನೋಡಿ ಬಂದಿದ್ದ. ಬೆಂಗಳೂರಲ್ಲಿ ವಿಮಾನ ಎದ್ದಾಗ ಹತ್ತು ಗಂಟೆ, ಅಲ್ಲಿ ಇಳಿದಾಗ ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. ‘ಬರೇ ಎರಡೂವರಿ ತಾಸು! ಬಸ್ಸಿನಾಗ ಹುಬ್ಬಳ್ಳಿಗೆ ಹೋದಂಗ’ ಎಂದು ಮದುವೆ, ತೊಟ್ಟಿಲು, ಎಲ್ಲಿ ಕುಂತರೂ ಇದೇ ಪುರಾಣ.

ಅವ್ವ ತೀರಿಕೊಂಡ ಸಂಜೆ ದುಬೈಯಲ್ಲಿದ್ದ ತಂಗಿ ಫೋನಿನಲ್ಲಿ ಅಳುತ್ತಾ ಹೇಳಿದ್ದು ಇಷ್ಟೇ: ‘ನಾಳೆ ನಸುಕಿನ್ಯಾಗ ನಾಕಕ್ಕ ಇಲ್ಲಿಂದ ವಿಮಾನ ಬಿಡತೈತಿ. ನಾ ಅವ್ವನ ಮಾರಿ ನೋಡೂತನಾ ಮಣ್ಣು ಮಾಡಬ್ಯಾಡ್ರಿ.’

ಕಾಕಾ ಅಲ್ಲೇ ಬೆರಳು ಮಡಚಿದ. ಆರೂವರೆಗೆ ಬೆಂಗಳೂರು, ಹೊರಬೀಳಲು ಅರ್ಧ ತಾಸು, ಅಲ್ಲಿಂದ ಕಾರಿನಲ್ಲಿ ಆರು ತಾಸು, ಒಂದಕ್ಕೆ ಮನೆ. ಎರಡಕ್ಕೆ ಮಣ್ಣು ಎಂದು ಹಾವೇರಿ, ಗುತ್ತಲದ ಬೀಗರಿಗೆಲ್ಲ ಸುದ್ದಿ ಹೋಯಿತು.

ನಾನು ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವನು. ದುಬೈ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ. ಹೋಗುವಾಗ ಉಳಿದದ್ದು ಬರುವಾಗ ಕಳೆಯುತ್ತದೆ. ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚಿನ ದೂರ, ಹಾರುವುದೇ ನಾಲ್ಕು ತಾಸು. ಆಕೆ ಬೆಂಗಳೂರಲ್ಲಿ ಇಳಿಯುವುದೇ ಒಂಬತ್ತೂವರೆಗೆ, ಮನೆ ಮುಟ್ಟುವುದು ನಾಲ್ಕರ ಮೇಲೆ. ಮರುದಿನ ಮಧ್ಯಾಹ್ನ ಕಾಕಾನಿಗೆ ಇದನ್ನು ಹೇಳಿದೆ.

‘ನೀ ಯಾವತ್ತರ ವಿಮಾನ ಹತ್ತೀಯೇನಲೇ, ಮಾಸ್ತರ?’ ಎಂದ, ಎಲ್ಲರಿಗೂ ಕೇಳುವಂತೆ. ಹೆಣದ ಮುಂದೆ ಕುಳಿತವರೂ ಕಿಸಕ್ಕೆಂದರು. ನಾನು ಬಾಯಿ ಮುಚ್ಚಿಕೊಂಡೆ.

ಮಣ್ಣಾಗುವ ತನಕ ಓಣಿಯಲ್ಲಿ ಒಲೆ ಹಚ್ಚುವಂತಿಲ್ಲ. ಎರಡೂವರೆಗೆ ಹಸಿದವರ ಗುಸುಗುಸು ಶುರುವಾಯಿತು. ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದ ಅವ್ವನನ್ನು ಯಾರೂ ನೋಡುತ್ತಿರಲಿಲ್ಲ, ಕೈಗಡಿಯಾರ ನೋಡುತ್ತಿದ್ದರು. ಎಲ್ಲೋ ಕದ್ದು ಮಿರ್ಚಿ ತಿಂದು ಬಂದಿದ್ದ ಬೀಗನೊಬ್ಬ ತೇಗುತ್ತಾ, ‘ಭಾಳೊತ್ತು ಇಡಬಾರದ್ರಿ’ ಎಂದ. ತಂಗಿಯ ದುಬೈ ನಂಬರು ಇಲ್ಲಿ ಹತ್ತಲಿಲ್ಲ. ‘ವಿಮಾನ ತಪ್ಪೇತಿ, ಏಳ್ರಿ’ ಎಂದ ಕಾಕಾ. ಮೂರಕ್ಕೆ ಎತ್ತಿದರು. ಮೊದಲ ಹಿಡಿ ಮಣ್ಣು ನಾನೇ ಹಾಕಿದೆ. ಹೊತ್ತು ಮುಳುಗಲು ಇನ್ನೂ ಬೇಕಾದಷ್ಟು ಸಮಯವಿತ್ತು.

ತಂಗಿ ಬಂದಾಗ ನಾಲ್ಕೂಮುಕ್ಕಾಲು. ನಾವು ಜಳಕ ಮಾಡಿ ಅನ್ನ ಸಾರು ಉಣ್ಣುತ್ತಿದ್ದೆವು.

‘ವಿಮಾನ ಲೇಟಾತೇನವಾ?’ ಎಂದು ಕಾಕಾ ತಾನೇ ಮೊದಲು ಕೇಳಿದ.

‘ಇಲ್ಲ ಕಾಕಾ, ಬರೋಬ್ಬರಿ ಟೈಮಿಗೆ ಬಂತು.’

ಥೂ, ಆಗಲೂ ಆತ ಕೈಯ ತುತ್ತು ಕೆಳಗಿಡಲಿಲ್ಲ. ಆದರೆ ಆತನಿಗೆ ತಿಳಿದಿರಲಿಲ್ಲ, ನನಗೆ ತಿಳಿದಿತ್ತು. ಹೇಸಿಗೆ ಯಾರು ಅಂದರೆ ನಾನೇ.

ಖಾಲಿ ಗೋಡೆಯ ಮುಂದೆ ಬಹಳ ಹೊತ್ತು ನಿಂತವಳು ನನ್ನ ಕಡೆ ತಿರುಗಿದಳು. ‘ಅಣ್ಣಾ, ನಾ ಬರೂ ಹೊತ್ತು ಇಷ್ಟು ಮಂದ್ಯಾಗ ಒಬ್ಬರಿಗೂ ಗೊತ್ತಾಗಲಿಲ್ಲೇನು?’

‘ಯಾರಿಗೂ ಗೊತ್ತಾಗಲಿಲ್ಲವ್ವಾ’ ಎಂದೆ, ಸಾರು ಮೆತ್ತಿದ ಕೈಯನ್ನು ಬೆನ್ನ ಹಿಂದೆ ಸರಿಸಿಕೊಂಡು.