ತಿರುಗದ ಕುತ್ತಿಗೆಗಳು

ಮೂಡಿಗೆರೆಯಲ್ಲಿ ನಾನು ತೆಗೆದ ಸಿನಿಮಾದ ಸ್ಟೀರಿಯೊ ಧ್ವನಿಯನ್ನು ಥಿಯೇಟರಿನ ಸುತ್ತಲ ಸ್ಪೀಕರುಗಳಿಗೆ ಹಂಚಿಕೊಟ್ಟ ಸೌಂಡ್ ಎಂಜಿನಿಯರ್ ಒಂದು ಕಡೆ ಕೂತವರಲ್ಲ. ಆ ಊರಲ್ಲೇ ನಡೆದ ಪರೀಕ್ಷಾ ಪ್ರದರ್ಶನಗಳಲ್ಲಿ ಪರದೆಗೆ ಬೆನ್ನು ಹಾಕಿ, ಉಗುರು ಕಚ್ಚುತ್ತಾ ಜನರನ್ನೇ ನೋಡುತ್ತಿದ್ದರು. ಹಿಂದಿನ ಸ್ಪೀಕರಿನಲ್ಲಿ ಆನೆ ಕೊಂಬೆ ಮುರಿದರೂ ಯಾರೂ ಹಿಂದೆ ನೋಡಲಿಲ್ಲ.

"ಕುತ್ತಿಗೆ ತಿರುಗ್ಲಿಲ್ಲ ಮಾರಾಯ," ಎನ್ನುತ್ತಾ ಪ್ರತಿ ಸಲವೂ ಸದ್ದು ಏರಿಸಿದರು. ನನಗೆ ರೇಗಿಹೋಗಿತ್ತು.

ಮೂರನೆಯ ಸಲ, ಜಾವಳಿ ಕಡೆ ಕಾಫಿ ಕೊಯ್ಯುವ ಹೆಂಗಸೊಬ್ಬರು ಹೊರಡುವಾಗ ಎಂಜಿನಿಯರಿಗೆ ಹೇಳಿದರು: "ಆನೆ ಹತ್ರ ಬಂದ್ರೆ ಜೀರುಂಡೆ ಸುಮ್ನಾಗ್ತಾವೆ ಸಾರ್. ನಿಮ್ಮವು ಕೂಗ್ತಾನೇ ಇದ್ವಲ್ಲ."

ಎಂಜಿನಿಯರ್ ಆನೆಯ ಸದ್ದನ್ನೇ ತೆಗೆದುಹಾಕಿ, ಹಿಂದಿನ ಸ್ಪೀಕರಿನ ಜೀರುಂಡೆಗಳನ್ನು ತಟ್ಟನೆ ನಿಲ್ಲಿಸಿದರು. ಮುಂದಿನ ಪ್ರದರ್ಶನದಲ್ಲಿ ಇಡೀ ಥಿಯೇಟರು ಹಿಂದೆ ತಿರುಗಿತು. ಪರದೆಯ ಮೇಲೆ ನನ್ನ ನಾಯಕ ಸತ್ತಿದ್ದನ್ನು ಒಬ್ಬರೂ ನೋಡಲಿಲ್ಲ.

ಎಂಜಿನಿಯರ್ ಮೊದಲ ಸಲ ಕುರ್ಚಿಯಲ್ಲಿ ಕೂತರು.