ಒಲೆ ಹಚ್ಚದ ಅಡುಗೆಯ ಪುಸ್ತಕ

ನನ್ನ ತಮ್ಮನ ಮಗಳಿಗೆ ಮೊದಲ ಅಡುಗೆ ಪುಸ್ತಕ ಆರಿಸಿಕೊಟ್ಟವಳು ನಾನು. ನೋಡಿದವರೆಲ್ಲ, "ಎಷ್ಟ ವಿಚಾರ ಮಾಡಿ ಆರಿಸೀರಿ ಟೀಚರ್," ಎಂದು ಹೊಗಳಿದರು. ನಾನೂ ಹಲ್ಲು ಕಿರಿದೆ. ಅದೇ ಪುಸ್ತಕ ಯಾಕೆ ಆರಿಸಿದೆ ಎಂದು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಬಿಡಲು ಮುಖವಾದರೂ ಎಲ್ಲಿದೆ?

ನಾನು ಅಣ್ಣಿಗೇರಿಯಲ್ಲಿ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತೇನೆ. ತಮ್ಮನ ಸಂಸಾರ ನವಲಗುಂದದಲ್ಲಿ. ಹತ್ತು ವರ್ಷದ ಹಿಂದೆ ಅವನು ತಾನು ಮೆಚ್ಚಿದವಳನ್ನು ಮದುವೆಯಾದ. ಅವಳ ಜಾತಿ ಬೇರೆ. ತವರಿನಲ್ಲಿ ತತ್ತಿ, ಮಾಂಸ ಎಲ್ಲ ತಿನ್ನುತ್ತಾರೆ. ನಮ್ಮದು ಕೊರಳಲ್ಲಿ ಲಿಂಗ ಕಟ್ಟುವ ಮನೆತನ. "ಆಕಿ ನಮ್ಮನ್ಯಾಗ ಒಂದ ತತ್ತಿ ಸೈತ ತಂದಿಲ್ಲಕ್ಕಾ," ಎಂದು ತಮ್ಮ ಹತ್ತು ಸಲ ಹೇಳಿದ. ಹತ್ತೂ ಸಲ ನಾನು, "ನಾ ಎಲ್ಲಿ ಏನಂದೆಪಾ?" ಎಂದೆ. ಅನ್ನಲಿಲ್ಲ, ಖರೆ. ಉಣ್ಣಲೂ ಇಲ್ಲ.

ಹೋದಾಗೆಲ್ಲ ಒಂದೊಂದು ನೆಪ. "ಈಗರ ಉಂಡ ಬಂದೀನಿ." "ಇವತ್ತ ಸೋಮವಾರ, ಒಪ್ಪತ್ತು." "ಹೊಟ್ಟಿ ಯಾಕೋ ಸರಿ ಇಲ್ಲ." ಚಹಾ ಮಾತ್ರ ಕುಡಿಯುತ್ತಿದ್ದೆ. ಹೊರಡುವಾಗ ತಮ್ಮನ ಹೆಂಡತಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಇಟ್ಟು ಉಡಿ ತುಂಬಿದರೆ ಸೆರಗೊಡ್ಡಿ ತುಂಬಿಸಿಕೊಳ್ಳುತ್ತಿದ್ದೆ. ಅವ್ವ ಹೋದ ಮೇಲೆ ತಮ್ಮನ ಮನೆಯೇ ತವರು, ತವರಿನ ಉಡಿ ಬೇಡವೆನ್ನಲಾದೀತೆ? ಆಕೆಯ ಕೈಯ ಅಕ್ಕಿ ನಡೆಯುತ್ತಿತ್ತು. ಅದೇ ಕೈ ಅದೇ ಅಕ್ಕಿಯನ್ನು ಒಲೆಯ ಮೇಲಿಟ್ಟು ಅನ್ನ ಮಾಡಿದರೆ ನಡೆಯುತ್ತಿರಲಿಲ್ಲ. ಬೆಂಕಿ ಮುಟ್ಟಿದರೆ ಮೈಲಿಗೆ, ಮುಟ್ಟದಿದ್ದರೆ ಇಲ್ಲ. ಚಹಾಕ್ಕೆ ಮಾತ್ರ ಬೆಂಕಿಯ ಮಾಫಿ. ಎಂಥ ಶಾಣ್ಯಾತನ ನೋಡಿ! ಇದೇ ನಾನು ಶಾಲೆಯ ಬಿಸಿಯೂಟದಲ್ಲಿ ನಿಂತು ಮಕ್ಕಳ ತಾಟಿಗೆ ಕುದಿಸಿದ ತತ್ತಿ ಹಾಕಿಸುತ್ತೇನೆ, "ಎಲ್ಲಾರೂ ಕೂಡಿ ಕುಂತ ಉಣ್ರಿ" ಎಂದು ಬುದ್ಧಿ ಹೇಳುತ್ತೇನೆ. ಹೇಳೋದು ಶಾಸ್ತ್ರ, ಹಾಕೋದು ಗಾಳ.

ಹುಡುಗಿಗೆ ಒಂಬತ್ತು ತುಂಬುವುದಿತ್ತು. ಅವಳೇ ಫೋನ್ ಮಾಡಿದಳು.

"ಅತ್ತಿ, ಈ ಸಲ ಹುಟ್ಟಿದ ದಿನಕ್ಕ ಹೊಸ ಅರಿವಿ ಬ್ಯಾಡ. ಅಡಗಿ ಪುಸ್ತಕ ತಂದ ಕೊಡು."

"ಪುಸ್ತಕ ಯಾಕಬೇ? ಕಲಸಾಕ ನಿಮ್ಮವ್ವ ಅದಾಳಲ್ಲ."

"ಅಲ್ಲ, ಪುಸ್ತಕಾನ ಬೇಕು. ನಾ ಮಾಡ್ತೀನಿ, ನೀ ನಮ್ಮನ್ಯಾಗ ಉಣಬೇಕು. ಉಣ್ತಿ ಹೌದಿಲ್ಲೋ?"

"ಉಣ್ತೀನಿ ತಗೋ," ಎಂದುಬಿಟ್ಟೆ. ಫೋನಿಟ್ಟ ಮೇಲೆ ಏನಂದೆನೆಂದು ಅರಿವಾಯಿತು. ಮಗುವಿಗೆ ಮಾತು ಕೊಟ್ಟಾಗಿತ್ತು.

ಹುಬ್ಬಳ್ಳಿಯ ಪುಸ್ತಕದಂಗಡಿಯಲ್ಲಿ ಮಾಲೀಕರು ಮಕ್ಕಳ ಅಡುಗೆಯ ಮೂರು ಪುಸ್ತಕ ಮುಂದಿಟ್ಟರು. ಒಂದರ ತುಂಬ ಕೇಕು, ಬಿಸ್ಕೀಟು. ಅದನ್ನು ಬದಿಗೆ ಸರಿಸಿದೆ. ಎರಡನೆಯದು ಅಗದಿ ನಮ್ಮ ಕಡೆಯದೇ. ರೊಟ್ಟಿಯ ಹಿಟ್ಟು ಹೇಗೆ ನಾದಬೇಕು, ಕಡಲೆಹಿಟ್ಟಿನ ಝುಣಕಕ್ಕೆ ನೀರು ಎಷ್ಟು, ಹಂಚಿನ ಹತ್ತಿರ ಕೈ ಹೇಗಿಡಬೇಕು ಎಂದು ಒಂದೊಂದಕ್ಕೂ ಚಿತ್ರ. ಮೂವತ್ತು ಮಕ್ಕಳ ನಡುವೆ ಬದುಕುವವಳಿಗೆ ಒಳ್ಳೆಯ ಪುಸ್ತಕ ಯಾವುದೆಂದು ತಿಳಿಯದೆ? ಆ ಹುಡುಗಿಗೆ ಕೊಡಬೇಕಾದದ್ದು ಅದೇ ಆಗಿತ್ತು. ನಾನು ಮೂರನೆಯದನ್ನು ಎತ್ತಿಕೊಂಡೆ. ತೆಳ್ಳನೆಯದು, ಚಿತ್ರಗಳೂ ಮಸುಕು. ಆದರೆ ಮೊದಲ ಅರ್ಧ ಪೂರ್ತಿ ಒಲೆ ಹಚ್ಚದ ತಿನಿಸುಗಳು: ಹಚ್ಚಿದ ಅವಲಕ್ಕಿ, ಕೋಸಂಬರಿ, ಪಾನಕ.

"ಸಣ್ಣ ಹುಡುಗಿರಿ, ಕೈ ಗಿಯ್ಯಿ ಸುಟಗೊಂಡೀತು," ಎಂದೆ. ಮಾಲೀಕರು ತಲೆದೂಗಿದರು. ಹುಡುಗಿಯ ಕೈಯ ಚಿಂತೆ ನನಗೆ ಎಳ್ಳಷ್ಟೂ ಇರಲಿಲ್ಲ. ಒಲೆಗೇರದ ಅವಲಕ್ಕಿ ಉಡಿಯಕ್ಕಿಯ ಸಾಲಿಗೇ ಸೇರುತ್ತದೆ, ತಿಂದರೂ ನನ್ನ ನೇಮ ಕೆಡುವುದಿಲ್ಲ ಎಂದು ಅಲ್ಲಿ ನಿಂತೇ ಹಂಚಿಕೆ ಹಾಕಿದ್ದೆ.

ಬಸ್ಸಿನಲ್ಲಿ ಪುಟ ತಿರುವುತ್ತಿದ್ದರೆ ಕೊನೆಯಲ್ಲಿ ಬಂತು ನೋಡಿ, ಆಮ್ಲೆಟ್ಟು! ನಾಲ್ಕು ಹಾಳೆಯ ತುಂಬ ತತ್ತಿಯದೇ ಪುರಾಣ. ಮನೆಗೆ ಬಂದವಳೇ ಶಾಲೆಯ ಗೋಂದಿನ ಬಾಟಲಿ ತೆಗೆದು ಆ ಹಾಳೆಗಳ ಅಂಚಿಗೆ ಹಚ್ಚಿ ಒತ್ತಿದೆ. ಮೇಲೆ ದಪ್ಪನೆಯ ನಿಘಂಟು ಹೇರಿಟ್ಟೆ. ಮರುದಿನ ಪುಸ್ತಕವನ್ನು ಬಣ್ಣದ ಕಾಗದದಲ್ಲಿ ಸುತ್ತಿ, ಸಹೋದ್ಯೋಗಿಯೊಬ್ಬರ ಕೈಯಲ್ಲಿ ನವಲಗುಂದಕ್ಕೆ ಕಳಿಸಿದೆ.

ಮುಂದಿನ ರವಿವಾರ ನಾನೇ ಹೋದೆ. ತಮ್ಮ ಮನೆಯಲ್ಲಿರಲಿಲ್ಲ. ಹುಡುಗಿ ಜಮಖಾನ ಹಾಸಿ, ನನ್ನನ್ನು ಕೂಡಿಸಿ, ತಾಟಿನಲ್ಲಿ ಅವಲಕ್ಕಿ ತಂದಿಟ್ಟಳು. ಹಸಿ ಎಣ್ಣೆ, ಖಾರಪುಡಿ, ಉಳ್ಳಾಗಡ್ಡಿ. ಉಪ್ಪು ಒಂದು ಕಡೆ ಬಿದ್ದಿತ್ತು, ಇನ್ನೊಂದು ಕಡೆ ಇರಲೇ ಇಲ್ಲ. ನಾನು ತಾಟು ಬರಿದು ಮಾಡಿದೆ. ಅವಳು ಎದುರಿಗೆ ಮಂಡಿಯೂರಿ ಒಂದೊಂದು ತುತ್ತನ್ನೂ ನೋಡುತ್ತಿದ್ದಳು. ಆಮೇಲೆ ಒಳಗೆ ತಿರುಗಿ ಕೂಗಿದಳು.

"ಅವ್ವಾ, ಅತ್ತಿ ತಿಂದ್ಲು! ನಾ ಹೇಳಿರಲಿಲ್ಲ? ಪುಸ್ತಕ ನೋಡಿ ಮಾಡಿದ್ರ ತಿಂತಾಳ. ನಿನಗ ಛಲೋ ಮಾಡಾಕ ಬರಂಗಿಲ್ಲ. ನೀನೂ ಇದನ್ನ ನೋಡಿ ಕಲಿ."

ತಮ್ಮನ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಅವಳಿಗೆ ನಿಜ ಗೊತ್ತಿತ್ತು. ನನ್ನ ಕಡೆ ನೋಡಲೂ ಇಲ್ಲ.

"ಹೌದವಾ, ನನಗ ಅಷ್ಟ ಛಲೋ ಬರಂಗಿಲ್ಲ," ಎಂದಳು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. "ಅತ್ತಿ, ಹಿಂದಿನ ಹಾಳಿ ಅಂಟ್ಯಾವ. ಬಿಡಸ್ತೀನಿ ಅಂದ್ರ ಅವ್ವ ಬ್ಯಾಡ ಅಂದ್ಲು. ಅತ್ತಿ ಕೊಟ್ಟದ್ದು ಹೆಂಗೈತೋ ಹಂಗ ಇರ್ಲಿ ಅಂದ್ಲು," ಎಂದು ಪುಸ್ತಕ ತೆರೆದು ತೋರಿಸಿದಳು. ಮೊದಲ ಪುಟದ ಪರಿವಿಡಿಯಲ್ಲಿ 'ಮೊಟ್ಟೆಯ ತಿನಿಸುಗಳು' ಎಂದು ದೊಡ್ಡದಾಗಿ ಅಚ್ಚಾಗಿತ್ತು. ಅಂಟಿಸುವ ಗಡಿಬಿಡಿಯಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ತಮ್ಮನ ಹೆಂಡತಿ ಅದನ್ನು ಓದಿದ್ದಳು.

ನನಗೆ ತಿಳಿದ ಒಂದೇ ದಾರಿ ಹಿಡಿದೆ. "ಊಟದ ಹೊತ್ತಾತು. ರೊಟ್ಟಿ ಅದಾವೇನವಾ?" ಎಂದು ಕೇಳಿದೆ.

ಆಕೆ ಗಾಬರಿಯಾದಳು. "ಇಲ್ರಿ ಅಕ್ಕಾರ. ಮೂರ ಮಂದಿಗಷ್ಟ ಬಡೀತೀನ್ರಿ. ಮೊದಲ ನಾಕೈದ ವರ್ಷ ನೀವು ಬರ್ತೀರಂದ್ರ ನಿಮ್ಮ ಪಾಲಿಂದೂ ಬಡೀತಿದ್ದೆ. ಹಂಗ ಉಳೀತಿದ್ವು. ಆಮ್ಯಾಲ ಬಿಟ್ಟೆ."

ಅದರಲ್ಲಿ ಕೊಂಕಿರಲಿಲ್ಲ, ಇದ್ದದ್ದು ಇದ್ದಹಾಗೆ ಹೇಳಿದಳು ಅಷ್ಟೆ. ನಮ್ಮ ಕಡೆ ಗುರುತಿಲ್ಲದವರು ಬಾಗಿಲಿಗೆ ಬಂದರೂ ಇರಲಿ ಎಂದು ಎರಡು ರೊಟ್ಟಿ ಹೆಚ್ಚೇ ಬಡಿಯುತ್ತಾರೆ. ಆ ರೂಢಿಯನ್ನು ಆಕೆ ಬಿಟ್ಟದ್ದು ನನ್ನ ಸಲುವಾಗಿ.

"ಕೂಡ್ರಿ, ಹತ್ತ ನಿಮಿಷದಾಗ ಬಡೀತೀನ್ರಿ," ಎಂದು ಒಳಗೆ ಓಡಿದಳು. ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ನಾನೇ ಎದ್ದು ಅಡುಗೆಮನೆಗೆ ಹೋಗಿ ನೆಲದ ಮೇಲೆ ಕೂತೆ. ಬಿಸಿ ರೊಟ್ಟಿ, ಝುಣಕ, ಕೆಂಪು ಚಟ್ನಿ ಬಡಿಸಿದಳು. ಹತ್ತು ವರ್ಷ ಯಾವುದಕ್ಕೆ ಹೆದರಿದ್ದೆನೋ ಅದರಲ್ಲಿ ಜೋಳ, ಕಡಲೆಹಿಟ್ಟು, ಖಾರ, ಉಪ್ಪು ಬಿಟ್ಟರೆ ಬೇರೇನೂ ಇರಲಿಲ್ಲ.

ಹುಡುಗಿ ಪಕ್ಕಕ್ಕೆ ಬಂದು ಕೂತಳು.

"ಅವ್ವ ಪುಸ್ತಕ ನೋಡಲಾರದನ ಮಾಡ್ಯಾಳ. ಛಲೋ ಆಗೈತೇನ ಅತ್ತಿ?"

"ಅಗದಿ ಛಲೋ ಆಗೈತವಾ."

"ಮತ್ತ ಇಷ್ಟ ದಿನ ಯಾಕ ಉಣ್ಣಲಿಲ್ಲ?"

ತಮ್ಮನ ಹೆಂಡತಿ ಹಂಚಿನ ಕಡೆ ಮುಖ ತಿರುಗಿಸಿದಳು. ನಾನು ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡು, ಬಾಯಿ ತುಂಬಿದೆ ಎಂದು ಬೆರಳಿನಿಂದ ತೋರಿಸಿದೆ. ಆ ಮನೆಯಲ್ಲಿ ನಾನು ಹೂಡಿದ ಕೊನೆಯ ನೆಪ ಅದು. ಹುಡುಗಿ ತಲೆಯಾಡಿಸಿ, ನಾನು ನುಂಗುವುದನ್ನೇ ಕಾಯುತ್ತ ಕೂತಳು.